ಧ್ವಜವಿಳಿದ ಮೇಲಿನ ಬಾಳು

ಸೋತ ಪಕ್ಷದ ಸೇನಾನಿಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯುದ್ಧ ಮುಗಿದೊಡನೆ ಲೇಖನಿಯನ್ನು ಕೆಳಗಿಡುತ್ತಾರೆ. ಆದರೆ ರಷ್ಯದ ರಿಯರ್ ಅಡ್ಮಿರಲ್ ಮಿಖಾಯಿಲ್ ಬೆರೆನ್ಸನ ಬಾಳಿನಲ್ಲಿ ವಿಚಾರಾರ್ಹವಾದುದು ಮೊದಲಾಗುವುದೇ ಅಲ್ಲಿಂದ. ಪೋರ್ಟ್ ಆರ್ಥರಿನಲ್ಲಿ ಕಾದಿದವನೂ, 1915ರಲ್ಲಿ ರೀಗಾ ಕೊಲ್ಲಿಯಲ್ಲಿ ‘ನೋವಿಕ್’ ಎಂಬ ಒಂದೇ ಹಡಗಿನಿಂದ ಎರಡು ಜರ್ಮನ್ ಹಡಗುಗಳನ್ನೆದುರಿಸಿ ಒಂದರ ನಾಶಕ್ಕೆ ಕಾರಣನಾದವನೂ ಆದ ಈತನ ಶೌರ್ಯವನ್ನು ಯಾರೂ ಶಂಕಿಸರು.

1920ರ ನವೆಂಬರಿನಲ್ಲಿ, ರಷ್ಯದ ಅಂತರ್ಯುದ್ಧದಲ್ಲಿ ಬೊಲ್ಷೆವಿಕರಿಂದ ಪರಾಜಿತರಾದ ಶ್ವೇತಪಕ್ಷದ ಸುಮಾರು ಒಂದೂವರೆ ಲಕ್ಷ ಜನರು ಕ್ರಿಮಿಯವನ್ನು ತೊರೆದು ಹಡಗೇರಿದರಷ್ಟೆ. ಆ ಹಡಗುಗಳಲ್ಲಿ ಮೂವತ್ತಕ್ಕೂ ಮಿಕ್ಕವು ಫ್ರೆಂಚರ ಅಧೀನದಲ್ಲಿದ್ದ ಟ್ಯುನೀಶಿಯದ ಬಿಝರ್ಟ್ ಬಂದರನ್ನು ಸೇರಿದುವು. ಹಿಂದೆ ರಾಜ್ಯವಿಲ್ಲದ, ಮುಂದೆ ಯುದ್ಧವಿಲ್ಲದ ಆ ನೌಕಾಪಡೆಯನ್ನು ಬೆರೆನ್ಸನು 1924ರವರೆಗೆ ಕಾಯ್ದನು. ಆ ವರ್ಷದ ಅಕ್ಟೋಬರ್ 28ರಂದು ಫ್ರಾನ್ಸ್ ಸೋವಿಯತ್ ಸರ್ಕಾರವನ್ನು ಮಾನ್ಯಮಾಡಲು, ಮರುದಿನವೇ ಹಳೆಯ ಧ್ವಜವು ಇಳಿಯಿತು. ಡಿಸೆಂಬರಿನಲ್ಲಿ ಹಡಗುಗಳನ್ನು ಪರೀಕ್ಷಿಸಲು ಬಂದ ಸೋವಿಯತ್ ಮಂಡಲಿಯಲ್ಲಿ ಮಿಖಾಯಿಲನ ಒಡಹುಟ್ಟಿದ ಅಣ್ಣ, ಕ್ರಾಂತಿಯ ತರುವಾಯ ಕೆಂಪು ನೌಕಾಪಡೆಯ ಮುಖ್ಯಸ್ಥನಾಗಿದ್ದ ಯೆವ್ಗೇನಿಯೂ ಇದ್ದನು. ತನ್ನ ಭೇಟಿಯಿಂದ ಅಣ್ಣನಿಗೆ ಕೇಡಾದೀತೆಂದು ತಮ್ಮನು ಆ ಊರನ್ನೇ ಬಿಟ್ಟು ಸರಿದನೆಂದು ಹೇಳುತ್ತಾರೆ. ಇವರಲ್ಲಿ ದೇಶಭಕ್ತನಾರು, ದ್ರೋಹಿಯಾರು ಎಂದು ತೀರ್ಪು ಕೊಡುವ ಅವಸರ ನಮಗೆ ಬೇಡ.

ಹಡಗುಗಳೋ, ತ್ಸಾರನ ಕಾಲದ ಸಾಲದ ತಕರಾರಿನಿಂದ ರಷ್ಯಕ್ಕೆ ಮರಳದೆ ಗುಜರಿಯ ಪಾಲಾದುವು. ಮಿಖಾಯಿಲನು 1943ರಲ್ಲಿ ಟ್ಯುನೀಶಿಯದಲ್ಲಿಯೇ ತೀರಿಕೊಂಡನು. ಎಳೆಯ ಬಾಲಿಕೆಯಾಗಿ ಅದೇ ನೌಕಾಪಡೆಯೊಡನೆ ಬಂದ ಅನಸ್ತಾಸಿಯಾ ಶಿರಿನ್‌ಸ್ಕಯಾ, ಬಿಝರ್ಟಿನ ಮಕ್ಕಳಿಗೆ ಗಣಿತ ಕಲಿಸುತ್ತ, 1997ರಲ್ಲಿ ರಷ್ಯದ ಪೌರತ್ವ ದೊರೆಯುವವರೆಗೂ ‘ನಾನ್ಸೆನ್ ಪಾಸ್‌ಪೋರ್ಟ್’ ಎಂಬ ನಿರಾಶ್ರಿತರ ಪತ್ರವೊಂದನ್ನೇ ನೆಚ್ಚಿ ಬಾಳಿದಳು.

ಅಂಥ ಕಾಗದದ ಬೆಲೆ ಹುಬ್ಬಳ್ಳಿ-ಧಾರವಾಡದ ನಮಗೆ ತಿಳಿಯದ್ದೇನಲ್ಲ. 1966ರಿಂದ ನೆರೆಯ ಮುಂಡಗೋಡದಲ್ಲಿ ನೆಲಸಿ, ಹುಬ್ಬಳ್ಳಿಯ ಪೇಟೆಯಲ್ಲಿ ನಮ್ಮೊಡನೆ ಕೊಟ್ಟುಕೊಂಡು ಬಾಳುತ್ತಿರುವ ತಿಬೇಟಿಯರಲ್ಲಿ ಅನೇಕರು ಇಂದಿಗೂ ನೋಂದಣಿ ಪತ್ರವನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳುತ್ತಲೇ ಇದ್ದಾರೆ. ಅವರಿಗೆ ನೆಲ ಕೊಟ್ಟುದು ನಮ್ಮ ನಾಡಿನ ಔದಾರ್ಯವೆಂಬುದು ದಿಟ. ಆದರೆ ಔದಾರ್ಯವು ಆಳುವವರ ಮನಸ್ಸಿನೊಡನೆ ಬದಲಾಗಬಲ್ಲದು, ಕಾನೂನು ಅಷ್ಟು ಸುಲಭವಾಗಿ ಬದಲಾಗದು. ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು ಸಹಿ ಹಾಕಿಲ್ಲ. ಅವರಿಗೆಂದೇ ಪ್ರತ್ಯೇಕ ಕಾನೂನನ್ನೂ ನಮ್ಮ ಸಂಸತ್ತು ಮಾಡಿಲ್ಲ. ಅಂಥದೊಂದು ಕಾನೂನಿಗಾಗಿ ಧಾರವಾಡ ಮತ್ತು ಉತ್ತರ ಕನ್ನಡದ ಸಂಸದರು ಪಕ್ಷಭೇದವನ್ನು ಮರೆತು ಸದನದಲ್ಲಿ ದನಿಯೆತ್ತಬೇಕು.