ಯಂತ್ರದ ಲೆಕ್ಕ, ಕಾನೂನಿನ ಲೆಕ್ಕ

ಆದಾಯ ತೆರಿಗೆಯ ವಿವರಪತ್ರದಲ್ಲಿ ಕೂಡುವುದೂ ಕಳೆಯುವುದೂ ಈಗ ಗಣಕಯಂತ್ರದ ಕೆಲಸ. ಅದು ತೋರಿಸಿದ ಮೊತ್ತವನ್ನೇ ಕಾನೂನಿನ ಅಪ್ಪಣೆಯೆಂದು ಭಾವಿಸಿ ಶ್ರೀಸಾಮಾನ್ಯನು ಹಣ ಕಟ್ಟಿಬಿಡುವನು. ಯಂತ್ರವೇ ತಪ್ಪಿದರೆ ಹೆಚ್ಚಾಗಿ ತೆತ್ತ ಹಣದ ಗತಿಯೇನು? ಪುಣೆಯಲ್ಲಿ ದುಡಿದು ಊರಿನ ಸಂಸಾರವನ್ನು ಸಾಗಿಸುತ್ತಿರುವ ನಮ್ಮ ಹೋಟೆಲ್ ನೌಕರರಿಗೂ ಕಾರಕೂನರಿಗೂ ಇದು ಸಣ್ಣ ಪ್ರಶ್ನೆಯಲ್ಲ.

ಯಂತ್ರ ತಪ್ಪುವುದುಂಟೆಂಬುದನ್ನು ಇಲಾಖೆಯೇ ಒಪ್ಪಿಕೊಂಡಿದೆ. ಇನ್ಫೋಸಿಸ್ ಸಂಸ್ಥೆಯು ರಚಿಸಿದ ಹೊಸ ಜಾಲತಾಣವು 2021ರ ಜೂನ್ 7ರಂದು ಬಳಕೆಗೆ ಬಂತು. ಆ ವರ್ಷ ವಿವರಪತ್ರ ಸಲ್ಲಿಸುವ ಗಡುವನ್ನು ಜುಲೈ 31ರಿಂದ ಸೆಪ್ಟೆಂಬರ್ 30ಕ್ಕೆ ಮುಂದೂಡಲಾಗಿತ್ತು. ಆದರೂ ತಂತ್ರಾಂಶವು ಕೆಲವರ ಲೆಕ್ಕದಲ್ಲಿ ಬಡ್ಡಿಯನ್ನೂ ವಿಳಂಬ ಶುಲ್ಕವನ್ನೂ ತಪ್ಪಾಗಿ ಸೇರಿಸಿತು. ದೋಷವನ್ನು ತಿದ್ದಲಾಗಿದೆಯೆಂದೂ, ಹೆಚ್ಚು ಕಟ್ಟಿದವರ ಲೆಕ್ಕವನ್ನು ಸಂಸ್ಕರಣ ಕೇಂದ್ರದಲ್ಲಿ ಸರಿಪಡಿಸಿ ಹಣ ಮರಳಿಸಲಾಗುವುದೆಂದೂ ಇಲಾಖೆಯು ಆಗಸ್ಟ್ 11ರಂದು ಪ್ರಕಟಿಸಿತು.

2024ರಲ್ಲಿ ನಡೆದುದು ಇದಕ್ಕಿಂತ ಗಂಭೀರವಾದುದು. 2023-24ರ ಆದಾಯಕ್ಕೆ ಸಂಬಂಧಿಸಿದಂತೆ, ಹೊಸ ಪದ್ಧತಿಯಲ್ಲಿ ಒಟ್ಟು ಆದಾಯ 7 ಲಕ್ಷ ರೂಪಾಯಿ ಮೀರದವರಿಗೆ 87ಎ ಕಲಮಿನ ಮೇರೆಗೆ 25,000 ರೂಪಾಯಿವರೆಗೆ ತೆರಿಗೆ ರಿಯಾಯಿತಿ ಇತ್ತು. ಜುಲೈ 5ರಂದು ತಂತ್ರಾಂಶ ಬದಲಾಯಿತು; ಷೇರು ಮಾರಾಟದ ಅಲ್ಪಾವಧಿ ಲಾಭದಂತಹ ವಿಶೇಷ ದರದ ಆದಾಯಕ್ಕೆ ಈ ರಿಯಾಯಿತಿಯನ್ನು ಕೇಳುವುದೇ ಅಸಾಧ್ಯವಾಯಿತು. ಕಾಯ್ದೆಯಲ್ಲಿ ಮಾತ್ರ ಒಂದಕ್ಷರವೂ ಬದಲಾಗಿರಲಿಲ್ಲ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಕಡಿತಗಳನ್ನು ಕಳೆದು 6 ಲಕ್ಷ ರೂಪಾಯಿ ಸಂಬಳವೂ, ಷೇರು ಮಾರಿದ್ದರಿಂದ 60,000 ರೂಪಾಯಿ ಲಾಭವೂ ಉಳ್ಳ ಕಾರಕೂನನಿಗೆ ಸಂಬಳದ ಮೇಲೆ 15,000, ಲಾಭದ ಮೇಲೆ 9,000, ಒಟ್ಟು 24,000 ರೂಪಾಯಿ ತೆರಿಗೆ. ಜುಲೈ 5ಕ್ಕೆ ಮೊದಲು ವಿವರಪತ್ರ ಸಲ್ಲಿಸಿದ್ದರೆ ರಿಯಾಯಿತಿ ಕಳೆದು ಅವನು ಕೊಡಬೇಕಾದುದು ಸೊನ್ನೆ. ಅನಂತರ ಸಲ್ಲಿಸಿದ್ದರೆ ಸೆಸ್ ಸೇರಿ 9,360 ರೂಪಾಯಿ. ಆದಾಯವೂ ಒಂದೇ, ಕಾನೂನೂ ಒಂದೇ. ಬೇರೆಯಾದುದು ತಾರೀಖು ಮಾತ್ರ!

ದೀರ್ಘಾವಧಿ ಷೇರು ಲಾಭಕ್ಕೆ ಈ ರಿಯಾಯಿತಿ ಇಲ್ಲವೆಂದು 112ಎ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಅಲ್ಪಾವಧಿ ಲಾಭದ 111ಎ ಕಲಮಿನಲ್ಲಿ ಅಂತಹ ಮಾತಿಲ್ಲ. ವಿಶೇಷ ದರದ ಆದಾಯವು ರಿಯಾಯಿತಿಗೆ ಹೊರತೆಂಬುದು ಇಲಾಖೆಯ ವಾದ. ವಾದವಿರಲಿ, ಆದರೆ ಅದನ್ನು ನ್ಯಾಯಾಧೀಶರ ಮುಂದೆ ಹೂಡಬೇಕೇ ಹೊರತು ಯಂತ್ರದೊಳಗೆ ಅಡಗಿಸಿಡಬಾರದು.

ಚೇಂಬರ್ ಆಫ್ ಟ್ಯಾಕ್ಸ್ ಕನ್ಸಲ್ಟೆಂಟ್ಸ್ ಸಂಸ್ಥೆಯು ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಸಲ್ಲಿಸಿತು. 2025ರ ಜನವರಿ 24ರಂದು ನ್ಯಾಯಾಲಯವು ತೀರ್ಪಿತ್ತು, ರಿಯಾಯಿತಿಯನ್ನು ಕೇಳಲು ಅವಕಾಶವಾಗುವಂತೆ ತಂತ್ರಾಂಶವನ್ನು ತಿದ್ದಬೇಕೆಂದು ಆಜ್ಞಾಪಿಸಿತು. ರಿಯಾಯಿತಿ ಸಲ್ಲುವುದೋ ಇಲ್ಲವೋ ಎಂಬುದನ್ನು ಮುಂದಿನ ವಿಚಾರಣೆಗೆ ಬಿಟ್ಟಿತು. ಕೇಳುವ ಬಾಯನ್ನೇ ಮುಚ್ಚುವುದು ತಗದೆಂದಿತು. ತೀರ್ಪಿನ ತಿರುಳು ಇದೇ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ವಿಶೇಷ ದರದ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ಈ ರಿಯಾಯಿತಿ ಇಲ್ಲವೆಂದು 2025ರ ಹಣಕಾಸು ಕಾಯ್ದೆಯು 2025-26ರ ಆದಾಯದಿಂದ ಮುಂದಕ್ಕೆ ವಿಧಿಸಿತು. ಹಿಂದಿನ ವರ್ಷದ ಬಗೆಗೆ ಅಹಮದಾಬಾದಿನ ಮೇಲ್ಮನವಿ ನ್ಯಾಯಮಂಡಳಿಯು 2025ರ ಆಗಸ್ಟ್‌ನಲ್ಲಿ ತೆರಿಗೆದಾರನ ಪರವಾಗಿ ತೀರ್ಮಾನಿಸಿತು. ಇತ್ತ ಸೆಪ್ಟೆಂಬರ್ 19ರ ಸುತ್ತೋಲೆಯು, ರಿಯಾಯಿತಿ ಪಡೆದವರಿಂದ ಹಣ ಮರಳಿ ಕೇಳುವಲ್ಲಿ, ಡಿಸೆಂಬರ್ 31ರೊಳಗೆ ಕಟ್ಟಿದರೆ ಬಡ್ಡಿ ಮನ್ನಾ ಎಂದಿತು.

ನಮ್ಮವರು ಮಾಡಬೇಕಾದುದೇನು? ಬೆಂಗಳೂರಿನ ಸಂಸ್ಕರಣ ಕೇಂದ್ರದಿಂದ ಬರುವ 143(1)ರ ಸೂಚನಾಪತ್ರವನ್ನು ಮಾಲೀಕರು ಕೊಟ್ಟ 16ನೆಯ ನಮೂನೆಯೊಡನೆಯೂ 26ಎಎಸ್ ಪಟ್ಟಿಯೊಡನೆಯೂ ಸಾಲುಸಾಲಾಗಿ ತಾಳೆನೋಡಬೇಕು. 2025ರ ಹೊಸ ಕಾಯ್ದೆಯು 2026ರ ಏಪ್ರಿಲ್ 1ರಿಂದ ಜಾರಿಯಾಗುವುದಾದರೂ ಹಳೆಯ ವರ್ಷಗಳಿಗೆ 1961ರ ಕಾಯ್ದೆಯೇ ಅನ್ವಯ. ಕಣ್ಣಿಗೆ ಕಾಣುವ ತಪ್ಪಾದರೆ ಅದರ 154ನೆಯ ಕಲಮಿನ ಮೇರೆಗೆ, ಆದೇಶವಾದ ಆರ್ಥಿಕ ವರ್ಷದ ಕೊನೆಯಿಂದ ನಾಲ್ಕು ವರ್ಷಗಳೊಳಗೆ, ತಿದ್ದುಪಡಿ ಕೇಳಬಹುದು. ರಿಯಾಯಿತಿಯಂತಹ ವಿವಾದದ ವಿಷಯವಾದರೆ 30 ದಿನಗಳೊಳಗೆ ಮೇಲ್ಮನವಿಯೇ ದಾರಿ. ಅದರ ಶುಲ್ಕ 1,000 ರೂಪಾಯಿ ಮೀರದು. ವಿವರಪತ್ರವನ್ನೇ ಸಲ್ಲಿಸದೆ ಮರುಪಾವತಿ ತಪ್ಪಿಹೋಗಿದ್ದರೆ, ನ್ಯಾಯವಾದ ಕಾರಣ ತೋರಿಸಿ, ಆ ತೆರಿಗೆ ನಿರ್ಧಾರ ವರ್ಷದ ಕೊನೆಯಿಂದ ಐದು ವರ್ಷಗಳೊಳಗೆ ವಿಳಂಬದ ಮನ್ನಣೆ ಬೇಡಬಹುದು.

ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ವಸೂಲು ಮಾಡಕೂಡದೆಂದು ಸಂವಿಧಾನದ 265ನೆಯ ಅನುಚ್ಛೇದವು ಸಾರುತ್ತದೆ. ತೆರಿಗೆದಾರನ ಅಜ್ಞಾನದ ಲಾಭವನ್ನು ಅಧಿಕಾರಿಗಳು ಪಡೆಯಬಾರದು, ಅವನಿಗೆ ಸಲ್ಲಬೇಕಾದುದನ್ನು ತಿಳಿಸಬೇಕು ಎಂದು 1955ರ ಏಪ್ರಿಲ್ 11ರಷ್ಟು ಹಿಂದೆಯೇ ಸುತ್ತೋಲೆ ಹೊರಟಿತ್ತು. ಕಿಟಕಿಯ ಹಿಂದೆ ಅಧಿಕಾರಿ ಕುಳಿತಿದ್ದ ಕಾಲದ ಆ ಕರ್ತವ್ಯವು, ಅವನ ಜಾಗದಲ್ಲಿ ಯಂತ್ರ ಬಂದ ಮಾತ್ರಕ್ಕೆ ಇಲ್ಲವಾಗುವುದೆ? ಸರಕಾರವು ಈ ಮಾತನ್ನು ಮರೆಯಬಾರದು. ಬೆವರು ಸುರಿಸಿ ಗಳಿಸಿದವರು ತಮ್ಮ ಹಕ್ಕಿನ ಹಣವನ್ನು ಕೇಳಲು ಸಂಕೋಚಪಡಲೂಬಾರದು.