ಕಣ್ಣೀರಿಗೆ ಖರ್ಚಿಲ್ಲ



ಪ್ರತಿ ಏಪ್ರಿಲ್ 14ಕ್ಕೆ ಹಾಸ್ಟೆಲಿಗೆ ಯಾರೋ ಒಬ್ಬ ದೊಡ್ಡ ಮನುಷ್ಯ ಬರ್ತಾನೆ. 'ನಿಮ್ಮ ನೋವು ನನ್ನ ನೋವು' ಅಂತಾನೆ. ಗಂಟಲು ಕಟ್ಟುತ್ತದೆ. ಹೊರಡುವಾಗ ನಮ್ಮ ಊಟದ ಮನೆ ಕಡೆ ಇಣುಕಿಯೂ ನೋಡುವುದಿಲ್ಲ. ಅವನ ಕಣ್ಣೀರು ಸುಳ್ಳು ಅಂತ ನಾವು ಹೇಳುವುದಿಲ್ಲ. ಕಣ್ಣೀರಿಗೆ ಖರ್ಚಿಲ್ಲ, ಅಷ್ಟೆ. ಕರುಳು ಚುರ್ರೆನ್ನುವುದು ಒಂದು. ಇನ್ನೊಬ್ಬ ನಿಂತ ಜಾಗದಿಂದ ಲೋಕ ಹೇಗೆ ಕಾಣ್ತದೆ, ಅವನಿಗೆ ಬೇಕಾದ್ದೇನು ಅಂತ ತಲೆ ಓಡಿಸುವುದು ಇನ್ನೊಂದು. ಅದಕ್ಕೆ ಕಲ್ಪನೆ ಬೇಕು. ಕಲ್ಪನೆ ಅಂದರೆ ಚಂದ್ರ, ನೈದಿಲೆ ಅಲ್ಲ ಮಾರಾಯ್ರೆ, ದುಡಿಮೆ.

1933ರಲ್ಲಿ ಶಿವರಾಮ ಕಾರಂತರು 'ಚೋಮನ ದುಡಿ' ಬರೆದರು. ಹುಟ್ಟಿದ್ದು ಮೇಲ್ಜಾತಿಯಲ್ಲಿ. ಆದರೂ ಅವರ ಚೋಮ ಮರುಕ ಬೇಡುವುದಿಲ್ಲ, ಉಳಲು ಭೂಮಿ ಕೇಳುತ್ತಾನೆ. ಅಲ್ಲಿ ಕಾರಂತರು ದುಡಿದಿದ್ದಾರೆ. 1975ರಲ್ಲಿ ಅದು ಸಿನಿಮಾ ಆಯಿತು. ನೋಡಿ ಅತ್ತ ಎಷ್ಟು ಧಣಿಗಳು ಮನೆಗೆ ಹೋಗಿ ತಮ್ಮ ಆಳನ್ನು 'ನಿನಗೇನು ಬೇಕೋ' ಅಂತ ಕೇಳಿದರು?

ಪುಸ್ತಕದ ಮಾತು ಸಾಕು, ನಮ್ಮ ಹೊಳೆಯನ್ನೇ ನೋಡಿ. ನಮ್ಮ ಮಂಜಗುಣಿ ಗಂಗಾವಳಿ ಕಡಲು ಸೇರುವ ಕಡೆ ಇದೆ. 2024ರ ಜುಲೈ 16ರಂದು ಮೇಲೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೆ ಬಿತ್ತು, ಹೊಳೆಗೂ ಬಿತ್ತು. ಲಾರಿಯೊಳಗೆ ಕೇರಳದ ಡ್ರೈವರ್ ಇನ್ನೂ ಉಸಿರಾಡುತ್ತಿರಬಹುದು ಅಂತ ಎರಡು ರಾಜ್ಯ ಕಲ್ಪಿಸಿಕೊಂಡವು. ನಾವೂ ನಿದ್ದೆಗೆಟ್ಟೆವು. ಸೆಪ್ಟೆಂಬರ್ 25ಕ್ಕೆ ಹೊಳೆಯೊಳಗಿಂದ ಲಾರಿ ಬಂತು, ದೇಹವೂ ಬಂತು. ಆ ಕಲ್ಪನೆಯನ್ನು ನಾವು ಹೀಗಳೆಯುವುದಿಲ್ಲ. ಹುಡುಕಾಟ ಕೈಬಿಡದಂತೆ ಒತ್ತಿದ್ದು ಅದೇ.

ಆದರೆ ಅದೇ ಕುಸಿತಕ್ಕೆ ಹೊಳೆನೀರು ಎದ್ದು ಆಚೆದಡದ ಉಳುವರೆಗೆ ನುಗ್ಗಿತು. ಮನೆಗಳು ಹೋದವು. ಒಬ್ಬ ಹೆಂಗಸು ಸತ್ತಳು. ಆ ದಡಕ್ಕೆ ಯಾರ ಕಲ್ಪನೆ ದಾಟಿತು? ಹೆದ್ದಾರಿ ಅಗಲ ಮಾಡಲು ಗುಡ್ಡ ಕಡಿದವರಿಗೆ ಬುಡದ ಚಹಾದಂಗಡಿಯೇ ಕಾಣಲಿಲ್ಲ, ಇನ್ನು ಹೊಳೆಯಾಚೆಯ ಊರು ಕಂಡೀತೇ?

ನಮ್ಮನ್ನೂ ಬಿಡಬಾರದು. ಅವರು ನಮ್ಮ ಕೇರಿಯವರಲ್ಲ ಅಂತ ನಾವೂ ನಾಲ್ಕು ದಿನ ತಡಮಾಡಿದೆವು. ಆಮೇಲೆ ಒಯ್ದದ್ದೇನು? ಹಳೇ ಬಟ್ಟೆಯ ಗಂಟು. ಒಬ್ಬ ಅಮ್ಮ ಗಂಟು ಬಿಚ್ಚಲೇ ಇಲ್ಲ. 'ಬಟ್ಟೆ ಇರ್ಲಿ ತಮಾ, ಗುಡ್ಡ ಮತ್ತೆ ಬಿದ್ರೆ ನಾವು ಎಲ್ಲಿ ಮಲಗೂದು?' ಅಂದರು. ನಮ್ಮ ಹತ್ತಿರ ಉತ್ತರವಿರಲಿಲ್ಲ. ಅಲ್ಲಿವರೆಗೆ ಆ ಪ್ರಶ್ನೆಯೇ ನಮಗೆ ಹೊಳೆದಿರಲಿಲ್ಲ. ದಿನಾ ಮರುಕ ತಿಂದು ಬೆಳೆದವರು, ಇನ್ನೊಬ್ಬರಿಗೆ ಅದನ್ನೇ ಬಡಿಸಲು ಹೋಗಿದ್ದೆವು!

ಬರುವ ಏಪ್ರಿಲ್ 14ಕ್ಕೆ ಅತಿಥಿಗೆ ಹಾರ ಬೇಡ. ಊಟದ ಮನೆಗೆ ಕರೆದೊಯ್ದು ನಮ್ಮ ಸಾಲಿನಲ್ಲೇ ಕೂರಿಸೋಣ. ಅದೇ ಸಾರು ಬಡಿಸೋಣ. ಭಾಷಣ ಅದಾದ ಮೇಲೆ.