ಕೃಷಿ ಪಾಠಕ್ಕೂ ಕಾಲವುಂಟು

ಕೇರಳದಲ್ಲಿ ವೃತ್ತಿಪರ ಹೈಯರ್ ಸೆಕೆಂಡರಿ ಶಿಕ್ಷಣ ಆರಂಭವಾದದ್ದು 1983-84ರಲ್ಲಿ. ಕೋರ್ಸುಗಳ ಹೆಸರು, ಸ್ವರೂಪ ಅಲ್ಲಿಂದೀಚೆಗೆ ಬದಲಾಗಿವೆ; ಕೃಷಿ ಮಾತ್ರ ಉಳಿದುಕೊಂಡಿದೆ. ನಮ್ಮ ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ ಹತ್ತನೆಯ ತರಗತಿ ಮುಗಿಸಿದ ಮಕ್ಕಳಲ್ಲಿ ಕೆಲವರು ಅದಕ್ಕೆ ಸೇರುತ್ತಾರೆ. ಅಡಿಕೆ ತೋಟದ ನಡುವೆಯೇ ಹುಟ್ಟಿ ಬೆಳೆದವರು ಅವರು. ಆದರೂ ಅರ್ಧ ವರ್ಷ ಕಳೆಯುವಷ್ಟರಲ್ಲಿ "ಕೃಷಿ ಭಾರೀ ಕಷ್ಟ, ಮಾಷ್ಟ್ರೇ" ಎನ್ನುತ್ತಾರೆ. ಇದರಲ್ಲಿ ಮಕ್ಕಳ ದೋಷವೇನೂ ಇಲ್ಲ, ಪಾಠ ಯೋಜನೆಯ ದೋಷವಿದೆ ಎಂಬುದು ನಮ್ಮ ಅಭಿಪ್ರಾಯ.

ಹೊಸದಾಗಿ ಬರುವ ಕೃಷಿ ಅಧ್ಯಾಪಕರಿಗೆ ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಅದನ್ನು ಘಟಕಗಳಾಗಿ ಒಡೆದು ಪೀರಿಯಡುಗಳಿಗೆ ಹೊಂದಿಸುವುದು ಬೇರೆಯೇ ವಿದ್ಯೆ. ಟಿ.ಸಿ.ಎಚ್. ಓದಿದ ನಮ್ಮಂತಹವರಿಗೆ ಪೀಠಿಕೆ, ನಿರೂಪಣೆ, ಕರಿಹಲಗೆ ಕೆಲಸ, ಮೌಲ್ಯಮಾಪನ ಎಂದು ಖಾನೆ ಎಳೆದು ಟಿಪ್ಪಣಿ ಬರೆಯುವುದನ್ನು ಕಲಿಸಿದ್ದರು. ಆ ಖಾನೆಗಳನ್ನು ಹಾಸ್ಯ ಮಾಡುವವರುಂಟು. ನಾವು ಮಾಡುವುದಿಲ್ಲ. ಆದರೆ ಕೃಷಿಯ ಮಟ್ಟಿಗೆ ಅದರಲ್ಲಿ ಒಂದು ಖಾನೆ ಕಡಿಮೆಯಿದೆ. ಅದು ತಿಂಗಳಿನ ಖಾನೆ.

ಕೊಳೆರೋಗವನ್ನೇ ನೋಡೋಣ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ಅದಾಗಿ 40-45 ದಿನಕ್ಕೆ ಇನ್ನೊಂದು ಸಲ ಅಡಿಕೆಗೆ ಮದ್ದು ಬಿಡುವುದು ಪದ್ಧತಿ. ಎರಡನೆಯ ಮದ್ದು ಬೀಳುವುದು ಜುಲೈಯಲ್ಲಿ; ಶಾಲೆ ತೆರೆದಿರುತ್ತದೆ. ಪುಸ್ತಕದ ಸಾಲು ಹಿಡಿದೇ ಹೋದರೆ ಸಸ್ಯರೋಗದ ಅಧ್ಯಾಯ ಬರುವಾಗ ನವೆಂಬರ್ ಆಗಬಹುದು. ಆಗ ತೋರಿಸುವುದಕ್ಕೆ ರೋಗವೇ ಇರುವುದಿಲ್ಲ.

ಜೂನ್ ಕೊನೆಯಲ್ಲಿ ಈ ಘಟಕವನ್ನು ಎತ್ತಿಕೊಂಡರೆ ಮೊದಲ ಪಾಠಕ್ಕೆ ಚಿತ್ರವೂ ಬೇಡ. ಉದುರಿದ ಎಳೆಕಾಯಿಗಳನ್ನು ಮಕ್ಕಳೇ ತರುತ್ತಾರೆ. ನೀರು ಹೀರಿದಂತಹ ಕಡುಹಸಿರು ಕಲೆ, ಮೇಲೆ ಬಿಳಿಯ ಬೂಷ್ಟು, ಎಲ್ಲವೂ ಕಣ್ಣೆದುರಿಗೆ. ಎರಡನೆಯ ಪಾಠ ಶೇಕಡಾ 1ರ ಬೋರ್ಡೊ ದ್ರಾವಣ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ತರಗತಿಗೆ 10 ಲೀಟರ್ ಸಾಕು, ತಲಾ 100 ಗ್ರಾಂ. ಐದು ಲೀಟರ್ ನೀರಿನಲ್ಲಿ ತುತ್ತನ್ನೂ ಇನ್ನೈದರಲ್ಲಿ ಸುಣ್ಣವನ್ನೂ ಬೇರೆಬೇರೆಯಾಗಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಮೆಲ್ಲಗೆ ಹೊಯ್ಯುತ್ತಾ ಕಲಕಬೇಕು. ತಿರುಗುಮುರುಗು ಆಗಬಾರದು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚೂರಿಯನ್ನು ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದರ್ಥ.

ಇಷ್ಟಕ್ಕೆ ನಲವತ್ತು ನಿಮಿಷದ ಒಂದು ಪೀರಿಯಡು ಎಲ್ಲಿಗೂ ಸಾಲದು. ಸುಣ್ಣ ಅರಳುವುದಕ್ಕೇ ಹೊತ್ತು ಬೇಕು. ಎರಡು ಪೀರಿಯಡುಗಳನ್ನು ಒಟ್ಟಿಗೆ ಮೊದಲೇ ಕೇಳಿಕೊಳ್ಳಬೇಕು. 'ಬೋರ್ಡೊ ದ್ರಾವಣ: ಒಂದು ಪೀರಿಯಡು' ಎಂದು ಬರೆದಿಟ್ಟವರು ಕೊನೆಗೆ ಬಾಯಿಪಾಠ ಮಾಡಿಸಿಯೇ ಬಿಡುತ್ತಾರೆ. ಮಳೆ ಬಿಡುವು ಕೊಡುವುದು ಹೆಡ್‌ಮಾಷ್ಟ್ರ ಕೈಯಲ್ಲೂ ಇಲ್ಲವಾದ್ದರಿಂದ, ಪ್ರತಿ ಘಟಕಕ್ಕೂ ಒಳಗೆ ಕೂತು ಮಾಡುವ ಒಂದು ಪಾಠವನ್ನು ಕೈಯಲ್ಲಿಟ್ಟುಕೊಳ್ಳುವುದು ಲೇಸು.

ಇನ್ನು ಮಾತಿನ ವಿಚಾರ. ಮನೆಯ ಕೊಳೆರೋಗ ತರಗತಿಯಲ್ಲಿ ಮಹಾಳಿಯಾಗುತ್ತದೆ, ಮೈಲುತುತ್ತು ತುರಿಶ್ ಆಗುತ್ತದೆ. ಅಜ್ಜ ಹೇಳುವ ಏಣೇಲು, ಸುಗ್ಗಿ, ಕೊಳಕೆ ಅಲ್ಲಿ ವಿರಿಪ್ಪು, ಮುಂಡಗನ್, ಪುಂಚ. ಗದ್ದೆ ಅದೇ, ಬೆಳೆ ಅದೇ; ಹೆಸರು ಬದಲಾದೊಡನೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಮಲೆಯಾಳದ ಮೇಲೆ ನಮಗೆ ದ್ವೇಷವಿಲ್ಲ. ನಾಳೆ ಕೃಷಿಭವನಕ್ಕೆ ಅರ್ಜಿ ಹಿಡಿದು ಹೋಗಬೇಕಾದ ಮಗುವಿಗೆ ಆ ಹೆಸರುಗಳೂ ಬೇಕು. ಆದರೆ ತಿಳಿದದ್ದರಿಂದ ತಿಳಿಯದ್ದಕ್ಕೆ ಹೋಗಬೇಕೆಂಬುದು ನಮ್ಮ ತರಬೇತಿಯ ಮೊದಲ ಸೂತ್ರ. ಪ್ರತಿ ಘಟಕದ ಆರಂಭದಲ್ಲಿ ಮನೆಯ ಮಾತು, ಮಲೆಯಾಳ, ಇಂಗ್ಲಿಷ್ ಎಂದು ಮೂರು ಸಾಲು ಎಳೆದು ಮೊದಲ ಸಾಲನ್ನು ಮಕ್ಕಳಿಂದಲೇ ತುಂಬಿಸಬಹುದು. ಅಧ್ಯಾಪಕರಿಗೆ ಕನ್ನಡ ಬಾರದಿದ್ದರೂ ಇದಕ್ಕೆ ಅಡ್ಡಿಯಿಲ್ಲ. ಕನ್ನಡ ಬಾರದವರನ್ನೇ ನಮ್ಮ ಮಕ್ಕಳಿಗೆ ಕೊಡುವ ಅನ್ಯಾಯ ಬೇರೆ; ಅದರ ಬಗ್ಗೆ ಹೇಳುವುದು ಬಹಳವಿದೆ.

ಕೀಟನಾಶಕದ ಘಟಕವನ್ನಂತೂ ಈ ಜಿಲ್ಲೆಯಲ್ಲಿ ಹೆಸರು-ಪ್ರಮಾಣಗಳ ಪಟ್ಟಿಯಿಂದ ಆರಂಭಿಸಲೇಬಾರದು. 2000ನೆಯ ಇಸವಿಯ ವರೆಗೆ, ಇಪ್ಪತ್ತು ವರ್ಷಕ್ಕೂ ಮೇಲೆ, ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದರು. ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆದದ್ದು 2011ರಲ್ಲಿ. ಎಣ್ಮಕಜೆಯಿಂದ ಬಂದ ಮಗು ಬೆಂಚಿನಲ್ಲಿ ಕೂತಿರುವಾಗ ಮೊದಲ ಪಾಠ ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ಓದುವುದಾಗಿರಲಿ: ಕೆಂಪು ಅತಿ ವಿಷ, ಅನಂತರ ಹಳದಿ, ನೀಲಿ, ಹಸಿರು.

ಓಣಂ ಪರೀಕ್ಷೆಗೆ ಇಷ್ಟು, ಕ್ರಿಸ್‌ಮಸ್ ಪರೀಕ್ಷೆಗೆ ಇಷ್ಟು ಎಂದು ಪಾಠಗಳನ್ನು ನಿಗದಿಮಾಡಿರುವಾಗ ಕ್ರಮ ಬದಲಿಸುವುದು ಹೇಗೆ ಎಂದು ಹೊಸಬರು ಕೇಳಿಯಾರು. ನ್ಯಾಯವಾದ ಪ್ರಶ್ನೆಯೇ. ಬರವಣಿಗೆಯ ಪಾಠ ಅದರ ಜಾಗದಲ್ಲೇ ಇರಲಿ; ಪ್ರಾಯೋಗಿಕವನ್ನು ಮಾತ್ರ ಕಾಲಕ್ಕೆ ಸರಿಸಿಕೊಳ್ಳಲಿ. ಜುಲೈಯಲ್ಲಿ ಕೈಯಾರೆ ಮಾಡಿದ್ದನ್ನು ನವೆಂಬರಿನಲ್ಲಿ ಓದುವಾಗ ಅರ್ಥವಾಗದೆ ಇರದು. ವರ್ಷದ ಯೋಜನೆಯನ್ನು ಮೇ ತಿಂಗಳಲ್ಲೇ ಬರೆದು, ಊರಿನ ಒಬ್ಬ ಹಳೆಯ ಕೃಷಿಕರಿಗೆ ಓದಿ ಹೇಳಿದರೆ ಅರ್ಧ ತಪ್ಪು ಅಲ್ಲಿಯೇ ತಿದ್ದಿಹೋಗುತ್ತದೆ. ತೆಂಗು-ಅಡಿಕೆಯ ಸಂದೇಹಗಳಿಗೆ ಕಾಸರಗೋಡಿನಲ್ಲಿ ಸಿ.ಪಿ.ಸಿ.ಆರ್.ಐ. ಇದೆ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಸ್ಥಳವದು.

ಮನೆಯವರಲ್ಲಿ ಒಂದು ಕೋರಿಕೆ. ಎರಡನೆಯ ಮದ್ದು ಬಿಡುವ ದಿನ ನಿಶ್ಚಯವಾದೊಡನೆ ಮಗುವಿನ ಕೈಯಲ್ಲಿ ಅಧ್ಯಾಪಕರಿಗೆ ಹೇಳಿಕಳುಹಿಸಿರಿ. ದೂರ ನಿಂತು ನೋಡುವುದಕ್ಕೆ ತರಗತಿ ತೋಟಕ್ಕೆ ಬಂದರೆ ಬೇಡವೆನ್ನಬೇಡಿರಿ. ಒಂದೊಂದು ಲೋಟ ಮಜ್ಜಿಗೆ ಕೊಟ್ಟರೆ ಸಾಕು, ಊಟದ ಏರ್ಪಾಡು ಬೇಡ.